ಸೆವೆರಿಯ ಅಂಕ ಕಾದವಳು

ಕಯಾನಿ ಬ್ಯಾರಕ್
ಜನವರಿ 14

ತೂಲಿಯಾ,

ಲಕೋಟೆಯ ಮೇಲಿನ ಅಕ್ಷರ ಗುರುತಿಸಿದ ಕೂಡಲೇ ಇದನ್ನು ಒಲೆಗೆ ಹಾಕಬೇಕು ಅನ್ನಿಸಿರುತ್ತದೆ. ಓದಿ ಹಾಕು. ಫೋನಿನಲ್ಲಿ, ಮೇಲ್‌ನಲ್ಲಿ, ಆಟದೊಳಗೆ, ಎಲ್ಲ ಕಡೆಯೂ ನನ್ನನ್ನು ಬ್ಲಾಕ್ ಮಾಡಿ ಕೂತಿದ್ದೀಯ. ಹಾಗಾಗಿ ಇಪ್ಪತ್ತು ದಾಟದ ನಾನು ಮುತ್ತಜ್ಜನ ಹಾಗೆ ಅಂಚೆಚೀಟಿ ಅಂಟಿಸುತ್ತಿದ್ದೇನೆ.

ಕಡ್ಡಾಯ ಸೇನೆಗೆ ಬಂದು ವಾರ ದಾಟಿತು. ಜೂನ್‌ವರೆಗೆ ಇಲ್ಲೇ. ಕಂಪ್ಯೂಟರ್ ಇಲ್ಲ, ಫೋನು ಸಂಜೆ ಸ್ವಲ್ಪ ಹೊತ್ತು ಮಾತ್ರ. ಹಿಮ ಕೆರೆಯುವುದು, ಹಾಸಿಗೆಯ ಅಂಚು ನೇರ ಮಾಡುವುದು, ಗುರುವಾರ ಬಟಾಣಿ ಸೂಪು. ಇದರ ಚಿಂತೆ ನನಗಿಲ್ಲ. ಚಿಂತೆ ಇರುವುದು ಕಂಪ್ಯೂಟರ್ ಆಟದ ನನ್ನ ಅಂಕದ್ದು.

‘ಹಿಮಕೋಟೆ’ಯ ಆಟಗಾರರ ಪಟ್ಟಿ ನೋಡುವುದನ್ನು ನೀನು ಬಿಟ್ಟಿರಬಹುದು. ಕೆಳಗಿರುವವರಿಗೆ ಅದು ಬೇಸರದ ಓದು. ನಾನೀಗ ಇಡೀ ಫಿನ್ಲೆಂಡಿನ ಮೊದಲ ಪುಟದಲ್ಲಿದ್ದೇನೆ, ಕೊನೆಯ ಸಾಲುಗಳಲ್ಲಿ. ಹೆಲ್ಸಿಂಕಿಯಲ್ಲಿ ಈ ಆಟವನ್ನೇ ವೃತ್ತಿ ಮಾಡಿಕೊಂಡ ‘ಹೌಕಿ’ ಎನ್ನುವ ತಂಡದವರು ಮೇ ಒಂದರ ವಪ್ಪು ಹಬ್ಬದ ದಿನ ಆ ಪುಟ ತೆರೆದು ಪರೀಕ್ಷೆಗೆ ಜನರನ್ನು ಕರೆಯುತ್ತಾರೆ. ಸಂಬಳ, ಇರಲು ಮನೆ, ವರ್ಷವಿಡೀ ಆಡುವುದೇ ಕೆಲಸ. ಒಂದು ಕುರ್ಚಿ ಖಾಲಿ ಇದೆ. ಅದು ನನ್ನದು.

ತೊಡಕೇನೆಂದರೆ, ವಾರಕ್ಕೊಮ್ಮೆಯಾದರೂ ಆಡದವನ ಹೆಸರು ಪಟ್ಟಿಯಿಂದ ಮಾಯವಾಗುತ್ತದೆ. ರಜೆಗೆ ಮನೆಗೆ ಬಂದಾಗ ನೀನೇ ಆಡು ಅನ್ನುತ್ತೀಯ. ಬಂದೂಕು ಒರೆಸಿ ಮರಗಟ್ಟಿದ ಬೆರಳಿನಲ್ಲಿ ಆಡಿ ಅಂಕ ಕಳೆದುಕೊಳ್ಳುವಷ್ಟು ದಡ್ಡ ನಾನಲ್ಲ. ನನ್ನ ಖಾತೆಯಲ್ಲಿ ನೀನು ಆಡು. ವಾರಕ್ಕೆ ಒಂದೇ ಆಟ. ತಂಡದ ನಾಲ್ವರಲ್ಲಿ ಉಳಿದ ಮೂವರು ನನ್ನ ಅಂಕದ ಎತ್ತರದವರೇ ಇರುತ್ತಾರೆ, ಅವರು ಎಳೆದುಕೊಂಡು ಹೋಗುತ್ತಾರೆ. ನೀನು ಗುರಾಣಿ ಹಿಡಿದು ಹಿಂದೆ ನಿಂತರೆ ಸಾಕು, ಧೈರ್ಯ ಮಾಡಬೇಡ. ಬೇರೆಯವರನ್ನು ಕೇಳೋಣವೆಂದರೆ ಅವರೆಲ್ಲ ಅದೇ ಕುರ್ಚಿಗೆ ಬಾಯಿ ಬಿಡುತ್ತಿರುವವರು. ನಿನ್ನಿಂದ ನನಗೆ ಪೈಪೋಟಿ ಇಲ್ಲ. ಅದೇ ನಿನ್ನ ದೊಡ್ಡ ಗುಣ.

ಖಾತೆಯನ್ನು ಇನ್ನೊಬ್ಬರ ಕೈಗೆ ಕೊಡುವುದು ನಿಯಮಕ್ಕೆ ವಿರುದ್ಧ, ಯಾರಿಗೂ ಹೇಳಬೇಡ. ಪಾಸ್‌ವರ್ಡ್ ಕಾಗದದ ಹಿಂಬದಿಯಲ್ಲಿದೆ.

ಸೆವೆರಿ


ಕುವೊಪಿಯೊ
ಜನವರಿ 23

ಮಹಾಪ್ರಭು ಸೆವೆರಿಯವರಿಗೆ,

ಒಲೆಗೆ ಹಾಕಲಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಬಿಡುವಿನಲ್ಲಿ ನಿಂತು ಓದಿದೆ. ಜೊತೆಯವಳು “ಏನೇ ಅಷ್ಟು ನಗ್ತಿದ್ದೀಯ, ಲವ್ ಲೆಟರಾ?” ಅಂದಳು. “ಹೂಂ, ಒಬ್ಬ ತನಗೆ ತಾನೇ ಬರ್ಕೊಂಡಿದ್ದಾನೆ. ನಂಗೆ ಓದೋಕೆ ಕಳ್ಸಿದ್ದಾನೆ” ಅಂದೆ.

ಪಾಸ್‌ವರ್ಡ್ ನೋಡಿದೆ. ನಿನ್ನ ಹೆಸರು, ಅದರ ಮುಂದೆ ನಿನ್ನ ಅಂಕ. ನಿನ್ನಿಂದ ಬೇರೇನನ್ನು ನಿರೀಕ್ಷಿಸಲಿ.

ಅಂಕದ ಮಾತು ಬಂದರೆ ನಿನಗೆ ಚರ್ಚಿನಲ್ಲಿ ಕೂತವನ ದನಿ ಬರುತ್ತದೆ. ಅದು ಇಷ್ಟೇ ಕಣೋ. ಪ್ರತಿ ಆಟಕ್ಕೆ ಮೊದಲು ಯಂತ್ರವೊಂದು ಎರಡೂ ತಂಡದವರ ಅಂಕ ನೋಡಿ, ಯಾರು ಗೆಲ್ಲಬಹುದು ಎಂದು ಊಹಿಸುತ್ತದೆ. ಊಹೆ ನಿಜವಾದರೆ ಗೆದ್ದವರಿಗೆ ಚಿಲ್ಲರೆ, ಸುಳ್ಳಾದರೆ ಕೈತುಂಬ. ಸೋತವರಿಂದ ಅಷ್ಟನ್ನೇ ಕಿತ್ತುಕೊಳ್ಳುತ್ತದೆ. ಜೋಡಿಯಾಗಿ ಬಂದವರನ್ನು ಕೂಡಿಸಿ ಸರಾಸರಿ ತೆಗೆಯುತ್ತದೆ. ಯಾರು ಯಾರನ್ನು ಹೊತ್ತುಕೊಂಡು ಬಂದರು ಎಂದು ಕೇಳುವುದಿಲ್ಲ. ರೇಡಿಯೋದಲ್ಲಿ ಹವಾಮಾನ ಓದುವವನಿಗೆ ನಿನ್ನ ಪರಿಚಯ ಎಷ್ಟಿದೆಯೋ ಅದಕ್ಕೂ ಅಷ್ಟೇ.

ಹೋದ ವರ್ಷದ ಸೆಪ್ಟೆಂಬರ್ ನಿನಗೆ ನೆನಪಿರಲಿಕ್ಕಿಲ್ಲ. ಏಳನೇ ತರಗತಿಯಿಂದ ಜೋಡಿಯಾಗಿ ಆಡಿದವರು ನಾವು, ನೀನು ಮುಂದೆ ಕತ್ತಿ ಬೀಸುತ್ತ, ನಾನು ಹಿಂದೆ ಗುರಾಣಿ ಹಿಡಿದು. ನನ್ನ ಅಂಕ ಇಳಿಯತೊಡಗಿತು. ಒಂದು ಸಂಜೆ ಇಬ್ಬರು ಅಪರಿಚಿತರು ಕೇಳಿಸಿಕೊಳ್ಳುತ್ತಿದ್ದಾಗಲೇ ನೀನು ಅಂದೆ: “ತೂಲಿಯಾ, ನಿನ್ನ ಕೈ ಹೋಗಿದೆ ಕಣೇ. ನಿನ್ ಜೊತೆ ಸೇರಿ ನಾನೂ ಮುಳುಗ್ತಿದ್ದೀನಿ. ಬೇರೆ ಯಾರನ್ನಾದ್ರೂ ನೋಡ್ಕೋ.” ಮುಖಕ್ಕೆ ಹೊಡೆದಂತಾಯಿತು. ನನ್ನ ಅಂಕ ಯಾಕೆ ಇಳಿಯುತ್ತಿದೆ ಎಂದು ನೀನು ಕೇಳಲಿಲ್ಲ. ಕೇಳಿದ್ದರೆ ಒಂದೇ ವಾಕ್ಯದಲ್ಲಿ ಹೇಳುತ್ತಿದ್ದೆ.

ಇರಲಿ, ಆಡುತ್ತೇನೆ. ನಿನ್ನ ಮೇಲಿನ ಪ್ರೀತಿಗಲ್ಲ. ಆ ಮೊದಲ ಪುಟದಲ್ಲಿ ಎಂಥ ಮಹಾತ್ಮರು ವಾಸವಾಗಿದ್ದಾರೆ ಎಂದು ನೋಡುವ ಆಸೆ. ಬ್ಲಾಕ್ ತೆಗೆಯುವುದಿಲ್ಲ, ಹೇಳುವುದಿದ್ದರೆ ಚೀಟಿ ಅಂಟಿಸು. ಹೇಗೆ ಆಡಬೇಕು ಎಂದು ಮಾತ್ರ ನನಗೆ ಹೇಳಿಕೊಡಬೇಡ.

ಪೈಪೋಟಿ ಇಲ್ಲದ,
ತೂಲಿಯಾ


ಕಯಾನಿ ಬ್ಯಾರಕ್
ಫೆಬ್ರವರಿ 19

ತೂಲಿಯಾ,

ಕಾಡಿನಲ್ಲಿ ಡೇರೆ ಹಾಕಿ ಮಲಗಿ ಬಂದೆವು. ಒಲೆ ಕಾಯುವ ಸರದಿ ನನ್ನದಿದ್ದಾಗ ಬೆಂಕಿ ಆರಿತು, ಎಲ್ಲರೂ ಸೇರಿ ಬೈದರು. ವಾಪಸು ಬಂದು ಸೈನಿಕರ ಕ್ಯಾಂಟೀನಿನಲ್ಲಿ ಸಕ್ಕರೆ ಹಚ್ಚಿದ ಮುಂಕ್ಕಿ ಬನ್ನು ತಿನ್ನುತ್ತ ಫೋನಿನಲ್ಲಿ ಪಟ್ಟಿ ತೆರೆದರೆ ನನ್ನ ಹೆಸರು ಪುಟದ ನಡುವಿಗೆ ಬಂದಿದೆ.

ಪಕ್ಕದ ಮಂಚದ ಏರಿಕ್ಕಿ ಇಣುಕಿ ನೋಡಿ, “ಲೋ ಸೆವೆರಿ, ನೀನಿಲ್ಲಿ ಹಿಮದಲ್ಲಿ ಮೂಗೊರೆಸ್ಕೊಂಡು ಕೂತಿದ್ದೀಯ, ಅಲ್ಲಿ ನಿನ್ನ ಅಂಕ ಏರ್ತಾ ಇದ್ಯಲ್ಲೋ! ನೀನಿಲ್ದೇ ಇರೋದೇ ನಿನ್ನ ಆಟಕ್ಕೆ ಒಳ್ಳೇದು ಕಣೋ” ಅಂದ. ಇಡೀ ಕೋಣೆ ನಕ್ಕಿತು. ನನ್ನ ತಮ್ಮ ಆಡುತ್ತಿದ್ದಾನೆ ಎಂದು ಬಾಯಿ ಮುಚ್ಚಿಸಿದೆ.

ಕೋಡು ಮೂಡಿಸಿಕೊಳ್ಳಬೇಡ. ನನ್ನ ಹೆಸರು ಕಂಡರೆ ಎದುರಾಳಿಗಳು ಹೆದರುತ್ತಾರೆ, ಹೆದರಿದವರು ತಪ್ಪು ಮಾಡುತ್ತಾರೆ. ಜೊತೆಗೆ ಒಳ್ಳೆಯ ಮೂವರು ಸಿಕ್ಕಿರುತ್ತಾರೆ. ಆದರೆ ವಾರಕ್ಕೆ ಒಂದು ಅಂದಿದ್ದೆ, ನೀನು ದಿನವೂ ಆಡುತ್ತಿರುವ ಹಾಗಿದೆ. ಅದೃಷ್ಟವನ್ನು ಅಷ್ಟು ಎಳೆಯಬಾರದು.

ಸೆವೆರಿ


ಕುವೊಪಿಯೊ
ಮಾರ್ಚ್ 7

ಸೆವೆರಿ,

ನಿನ್ನ ಹೆಸರು ಕಂಡರೆ ಹೆದರುತ್ತಾರೆ ಎನ್ನುವುದು ನಿಜ. ಎದುರಾಳಿಗಳಲ್ಲ, ಜೊತೆಗಾರರು. ಮೊದಲ ದಿನ ನಾನು ಮೈಕಿನಲ್ಲಿ ಮಾತಾಡದೆ, ಹೊಳೆಯ ಕಡೆಯಿಂದ ಬನ್ನಿ ಎಂದು ಬರೆದು ತೋರಿಸಿದೆ. ಮೂವರೂ ಕುರಿಗಳ ಹಾಗೆ ಬಂದರು. ನನ್ನ ಸ್ವಂತ ಹೆಸರಿನಲ್ಲಿ ಅದೇ ಮಾತು ಬರೆದರೆ “ನಿಂಗೇನು ಗೊತ್ತು, ಸುಮ್ನಿರು” ಅನ್ನುತ್ತಾರೆ. ಅದೇ ಹೊಳೆ, ಅದೇ ಕೈ. ಪೋಲೆಂಡಿನವನೊಬ್ಬ ಅವನದಲ್ಲದ ತಪ್ಪಿಗೆ ನನ್ನಲ್ಲಿ ಕ್ಷಮೆ ಕೇಳಿದ. ತಪ್ಪು ನನ್ನದಾಗಿತ್ತು.

ನಿನ್ನ ಮಹಾತ್ಮರನ್ನು ನೋಡಿದೆ. ಮೊದಲ ಪುಟದ ಅರ್ಧ ಜನ ಮೊಟ್ಟೆಯ ಮೇಲೆ ಕೂತ ಕೋಳಿಗಳು. ನಿಯಮ ಕೇಳುವ ಒಂದು ಆಟವನ್ನು ಸೋಮವಾರ ಮುಗಿಸಿ, ಆಮೇಲೆ ವಾರವಿಡೀ ತಮ್ಮ ಅಂಕ ನೋಡುತ್ತ ಕೂರುತ್ತಾರೆ. ಆಟಗಾರರಂತೆ. ಉಳಿದ ಅರ್ಧ ಜನ, ಸೋಲು ಹತ್ತಿರ ಬಂದ ಕೂಡಲೇ ಜೊತೆಗಾರರನ್ನು ಬೈಯಲು ಶುರುಮಾಡುತ್ತಾರೆ, ಯಾರಾದರೂ ಒಬ್ಬನ ತಲೆಗೆ ಕಟ್ಟಬೇಕಲ್ಲ. ಒಬ್ಬ ಕೋಟೆಯ ಬಾಗಿಲಲ್ಲಿ ಸಿಕ್ಕಿಬಿದ್ದರೆ ಉಳಿದವರು ಬಿಟ್ಟು ಓಡುತ್ತಾರೆ. ನಾನು ನಿಂತು, ಅವನನ್ನು ಗುರಾಣಿಯ ಹಿಂದೆ ಎಳೆದುಕೊಂಡು ಬರುತ್ತೇನೆ. ನಾಲ್ವರಿದ್ದರೆ ಗೆಲ್ಲುತ್ತೇವೆ. ಇದರಲ್ಲಿ ದೊಡ್ಡ ರಹಸ್ಯವೇನಿಲ್ಲ, ನಿನ್ನ ಪುಟದಲ್ಲಿ ಯಾರಿಗೂ ಹೊಳೆದಿಲ್ಲ ಅಷ್ಟೇ.

ದಿನವೂ ಆಡುತ್ತೇನೆ, ಹೌದು. ನನಗೆ ಖುಷಿಯಾಗುತ್ತಿದೆ. ನಿನ್ನ ಹೆಸರು ಹಾಕಿಕೊಂಡು ಖುಷಿಪಡುವ ಗತಿ ಬಂತಲ್ಲ ಎಂದು ನಾಚಿಕೆಯೂ ಆಗುತ್ತದೆ.

ತೂಲಿಯಾ


ಕುವೊಪಿಯೊ
ಮಾರ್ಚ್ 29

ಪ್ರೀತಿಯ ಸೆವೆರಿ,

ನಾನು ಕೌಕೊ ಹಕ್ಕರಾಯ್ನೆನ್, ತೂಲಿಯಾಳ ಅಪ್ಪ. ಕಯಾನಿಯ ಮೊಹರು ಇರುವ ಲಕೋಟೆ ಮನೆಗೆ ಬರುವುದು ನೋಡಿ ಖುಷಿಯಾಯಿತು. ನಾನೂ ಅಲ್ಲೇ ಸೇವೆ ಮಾಡಿದವನು. ನೀವಿಬ್ಬರೂ ಮುನಿಸಿಕೊಂಡಿದ್ದೀರಿ ಅಂದುಕೊಂಡಿದ್ದೆ, ರಾಜಿಯಾಯಿತು ಅನ್ನಿಸುತ್ತದೆ. ಅವಳು ಏನೂ ಹೇಳುವುದಿಲ್ಲ. ಇದರ ಜೊತೆ ಒಂದು ಕಲಾಕುಕ್ಕೊ ಕಳಿಸಿದ್ದೇನೆ, ಸಂತೆಯಿಂದ ತಂದದ್ದು. ರೈ ಹಿಟ್ಟಿನ ಹೊರಪದರ ಗಟ್ಟಿಯಿದೆ, ಒಳಗಿನ ಮೀನು ಕೆಡುವುದಿಲ್ಲ. ಕೋಣೆಯವರಿಗೂ ಕೊಡು, ಒಬ್ಬನೇ ತಿಂದರೆ ಸೇನೆಯಲ್ಲಿ ಉಳಿಗಾಲವಿಲ್ಲ.

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಹೋದ ವರ್ಷದ ಬೇಸಿಗೆಯಲ್ಲಿ ನನಗೆ ಪಾರ್ಶ್ವವಾಯು ಹೊಡೆದದ್ದು ತೂಲಿಯಾ ನಿನಗೆ ಹೇಳಿಯೇ ಇರುತ್ತಾಳೆ. ಬಲಗೈ ಇನ್ನೂ ಮುನಿಸಿನಲ್ಲೇ ಇದೆ. ಮರದ ದಿಮ್ಮಿಯ ಲಾರಿ ಓಡಿಸಿದವನನ್ನು ಸೋಫಾದ ಮೇಲೆ ಕೂರಿಸಿದ್ದಾರೆ. ಬೆರಳು ಆಡಿಸುತ್ತಿರಬೇಕು ಎಂದು ಆಸ್ಪತ್ರೆಯವರು ಹೇಳಿದಾಗ, “ಬಾರಪ್ಪಾ, ನಿಂಗೆ ಕೋಟೆ ಹತ್ತೋದು ಹೇಳ್ಕೊಡ್ತೀನಿ” ಅಂದಳು ಮಗಳು. ಆವತ್ತಿನಿಂದ ದಿನವೂ ನಾನೂ ಅವಳೂ ಜೋಡಿ.

ನನ್ನ ಆಟ ನೀನು ನೋಡಬೇಕು! ಬಾಗಿಲು ಎದುರಿಗೇ ಇರುತ್ತದೆ, ನಾನು ಗೋಡೆಗೆ ಡಿಕ್ಕಿ ಹೊಡೆಯುತ್ತೇನೆ. ಗೋಡೆಯಿಂದ ಹಿಂದೆ ಬಂದರೆ ಹೊಳೆಗೆ ಬೀಳುತ್ತೇನೆ. ತಂಡದವರು ನನಗೆ ಬೇರೆ ಬೇರೆ ಭಾಷೆಯಲ್ಲಿ ಬೈಯುತ್ತಾರೆ, ಅರ್ಥವಾಗದಿರುವುದು ಒಳ್ಳೆಯದೇ. ಅವಳು ಮಾತ್ರ ಅಲ್ಲೇ ನಿಂತು, “ನಿಧಾನ ಅಪ್ಪಾ, ನಾನಿದ್ದೀನಿ, ಬಾ” ಅನ್ನುತ್ತಾಳೆ. ಸೋಲುತ್ತೇವೆ. ಆಟ ಮುಗಿದ ಮೇಲೆ ಒಂದು ಸಂಖ್ಯೆ ಬಂದು ಕೆಳಗೆ ಜಾರುತ್ತದೆ. ಅದೇನೇ ಎಂದು ಕೇಳಿದರೆ, “ಏನಿಲ್ಲಪ್ಪ, ಕಂಪ್ಯೂಟರ್ ಬಿಸಿ ಎಷ್ಟಿದೆ ಅಂತ ತೋರಿಸ್ತಿದೆ” ಅನ್ನುತ್ತಾಳೆ. ಕಂಪ್ಯೂಟರ್ ಈಗ ಚೆನ್ನಾಗಿಯೇ ತಣ್ಣಗಾಗಿದೆ.

ಈಸ್ಟರ್ ರಜೆ ಸಿಕ್ಕಿದರೆ ಬಾ, ಉಗಿಸ್ನಾನಕ್ಕೆ ಸೌನಾ ಕಾಯಿಸುತ್ತೇನೆ.

ಕೌಕೊ


ಕಯಾನಿ ಬ್ಯಾರಕ್
ಏಪ್ರಿಲ್ 9

ತೂಲಿಯಾ,

ಕಲಾಕುಕ್ಕೊ ಚೆನ್ನಾಗಿತ್ತು ಎಂದು ನಿನ್ನ ಅಪ್ಪನಿಗೆ ಹೇಳು. ಏರಿಕ್ಕಿ ಒಬ್ಬನೇ ಅರ್ಧ ತಿಂದ.

ನನ್ನ ಹೆಸರು ಮೇಲಿನ ಸಾಲುಗಳಲ್ಲಿದೆ, ನೋಡಿದೆ. ಇಷ್ಟು ಸಾಕು. ಇನ್ನು ವಪ್ಪುವರೆಗೆ ವಾರಕ್ಕೆ ಒಂದೇ ಆಟ, ಅದೂ ಬೆಳಗಿನ ಹೊತ್ತು, ದೊಡ್ಡ ಆಟಗಾರರು ಮಲಗಿರುವಾಗ. ಕೈಗೆ ಬಂದದ್ದನ್ನು ಗಾಳಿಗೆ ತೂರಬೇಡ. ದಮ್ಮಯ್ಯ ಅನ್ನುತ್ತೇನೆ ಬೇಕಾದರೆ.

ಈಸ್ಟರಿಗೆ ಊರಿಗೆ ಬಂದಿದ್ದೆ. ನಿಮ್ಮ ಮನೆಯ ಕಡೆ ಬರಲು ಆಗಲಿಲ್ಲ.

ಸೆವೆರಿ


ಕುವೊಪಿಯೊ
ಮೇ 4

ಸೆವೆರಿ,

ವಾರಕ್ಕೊಂದು ಆಡಲಿಲ್ಲ. ದಿನವೂ ಆಡಿದೆ. ವಪ್ಪು ದಿನ ಪೇಟೆಯಲ್ಲಿ ಎಲ್ಲರೂ ಹಬ್ಬದ ಬಿಳಿ ಟೋಪಿ ಹಾಕಿಕೊಂಡು ಕುಡಿದು ಕೂಗಾಡುತ್ತಿದ್ದಾಗ ನಿನ್ನ ಹೆಸರು ಪುಟದ ತುದಿಯಲ್ಲಿತ್ತು. ಸಂಜೆ ಖಾತೆಗೆ ಒಂದು ಸಂದೇಶ ಬಂತು, ಹೌಕಿ ತಂಡದ ಆಂಟನ್ ಲಿಂಡ್‌ರೂಸ್ ಎನ್ನುವವನಿಂದ. ಆಟಗಾರರನ್ನು ಆರಿಸುವವನು ಅವನೇ. ಹಾಗೆಯೇ ಬರೆಯುತ್ತೇನೆ, ಓದು:

“ಮೂರು ತಿಂಗಳಿಂದ ನಿಮ್ಮ ಆಟ ನೋಡ್ತಾ ಇದ್ದೀನಿ. ಎಲ್ರೂ ಓಡ್ತಾರೆ, ನೀವು ಹಿಂದೆ ಬಿದ್ದವನಿಗೆ ಕಾಯ್ತೀರಿ. ಕಾದೂ ಗೆಲ್ತೀರಿ. ಇದನ್ನ ಯಾರು ಕಲಿಸಿದ್ರು ನಿಮಗೆ? ಜೂನ್‌ನಲ್ಲಿ ಹೆಲ್ಸಿಂಕಿಗೆ ಬನ್ನಿ. ಒಂದು ವಾರ ನಮ್ಮ ತಂಡದ ಮನೇಲಿ ಕೂತು ಆಡಿ. ಕುರ್ಚಿ ನಿಮಗೇ ಅಂತ ನನ್ನ ಮನಸ್ಸು ಹೇಳ್ತಿದೆ.”

ಇದು ನಿನ್ನ ಬಗ್ಗೆ ಅಲ್ಲ ಎಂದು ನಿನಗೂ ಗೊತ್ತು. ನೀನು ಬಸ್ಸಿಗೂ ಕಾದವನಲ್ಲ.

ಜಂಬ ಬಿಟ್ಟು ಹೇಳುತ್ತೇನೆ: ನನಗೆ ಆ ಕುರ್ಚಿ ಬೇಕು. ಆ ಸಂದೇಶ ಓದಿ ಬಚ್ಚಲುಮನೆಗೆ ಹೋಗಿ ಅತ್ತೆ. ನನ್ನ ಆಟವನ್ನು ಯಾರೋ ನೋಡಿದ್ದಾರೆ ಎನ್ನುವುದು ನನ್ನ ಬದುಕಿನಲ್ಲಿ ಮೊದಲು. ಆಸ್ಪತ್ರೆಯ ತಟ್ಟೆಗಳನ್ನು ಇನ್ನೂ ಎಷ್ಟು ಕಾಲ ತೊಳೆಯಲಿ? ನಾನೇ ಅವನಿಗೆ ಬರೆದರೆ ದೂರು ಕೊಟ್ಟ ಹಾಗಾಗುತ್ತದೆ, ನಿನ್ನ ಖಾತೆ ಮುಚ್ಚುತ್ತಾರೆ. ನೀನೇ ಬರಿ. ಆಡಿದವಳು ತೂಲಿಯಾ ಎಂದು ಒಂದು ಸಾಲು. ಇಷ್ಟು ವರ್ಷದಲ್ಲಿ ನಿನ್ನಿಂದ ನಾನು ಕೇಳುತ್ತಿರುವುದು ಇದೊಂದೇ.

ತೂಲಿಯಾ


ಕಯಾನಿ ಬ್ಯಾರಕ್
ಮೇ 13

ತೂಲಿಯಾ,

ಯೋಚಿಸಿದೆ. ಆಗುವುದಿಲ್ಲ.

ಖಾತೆ ನನ್ನದು, ಹೆಸರು ನನ್ನದು, ಮೊದಲ ಪುಟಕ್ಕೆ ಏರಿಸಿದವನು ನಾನು. ನೀನು ಅಲ್ಲಿಂದ ಮುಂದೆ ಕೊಂಡೊಯ್ದೆ, ಒಪ್ಪುತ್ತೇನೆ. ಆದರೆ ನಿನ್ನ ಹೆಸರಿನ ಮುಂದಿರುವ ಅಂಕವನ್ನು ಅವರು ತೆರೆದು ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಸುಮ್ಮನೆ ಇಬ್ಬರ ಮಾನವೂ ಹೋಗುತ್ತದೆ. ನಾನು ಜೂನ್‌ನಲ್ಲಿ ಹೆಲ್ಸಿಂಕಿಗೆ ಹೋಗುತ್ತಿದ್ದೇನೆ. ಬರುತ್ತೇನೆಂದು ಉತ್ತರಿಸಿಬಿಡು. ಕುರ್ಚಿ ಸಿಕ್ಕಿದ ಮೇಲೆ ನಿನಗೆ ಏನಾದರೂ ಮಾಡುತ್ತೇನೆ.

ಸೆವೆರಿ


ಕುವೊಪಿಯೊ
ಜೂನ್ 2

ಸೆವೆರಿ,

ಬರುತ್ತೇನೆ ಎಂದು ನಿನ್ನ ಹೆಸರಿನಲ್ಲಿ ಉತ್ತರಿಸಿದ್ದೇನೆ. ಖಾತೆಯಿಂದ ನಾನು ಹೊರಗೆ ಬಂದೆ. ಹೋಗು.

ಹೋಗುವ ಮೊದಲು ನಿನ್ನ ದೇವರ ಬಗ್ಗೆ ಒಂದು ವಿಷಯ ತಿಳಿದುಕೋ. ಆ ಯಂತ್ರ ನಿನ್ನ ಬಗ್ಗೆ ಎರಡು ಸಂಗತಿ ಇಟ್ಟುಕೊಂಡಿರುತ್ತದೆ. ನೀನು ಎಷ್ಟು ಚೆನ್ನಾಗಿ ಆಡುತ್ತೀಯ ಎನ್ನುವುದೊಂದು, ಅದರ ಬಗ್ಗೆ ತನಗೆ ಎಷ್ಟು ನಂಬಿಕೆಯಿದೆ ಎನ್ನುವುದು ಇನ್ನೊಂದು. ಅಪರೂಪಕ್ಕೆ ಆಡುವವನ ಬಗ್ಗೆ ಅದಕ್ಕೆ ಅನುಮಾನ ಹೆಚ್ಚು. ಅಂಥವನು ಎರಡು ಆಟ ಸೋತರೆ ದಬಕ್ಕನೆ ಕೆಳಗೆ ಹಾಕಿ, ಅವನ ಯೋಗ್ಯತೆಯವರ ಜೊತೆ ಸೇರಿಸುತ್ತದೆ. ದಿನವೂ ಆಡುವವರನ್ನು ಅದು ನಂಬುತ್ತದೆ. ನಿನ್ನ ಹೆಸರಿನಲ್ಲಿ ನಾನು ದಿನವೂ ಆಡಿದ್ದೇನೆ. ಈಗ ಅದಕ್ಕೆ ನಿನ್ನ ಬಗ್ಗೆ ಕಲ್ಲಿನಂಥ ನಂಬಿಕೆ. ನೀನು ಸೋತರೂ ಏನೋ ಕೆಟ್ಟ ದಿನ ಅಂದುಕೊಂಡು ಚೂರೇ ಚೂರು ಇಳಿಸಿ, ಮತ್ತೆ ಅದೇ ಎತ್ತರದವರ ಎದುರು ನಿಲ್ಲಿಸುತ್ತದೆ. ಮತ್ತೆ ಹೊಡೆಸುತ್ತದೆ. ನಿನ್ನ ಜಾಗಕ್ಕೆ ನೀನು ಇಳಿದು ಬರುವಷ್ಟರಲ್ಲಿ ಇಡೀ ಹೆಲ್ಸಿಂಕಿ ನೋಡಿರುತ್ತದೆ.

ನಿನಗೆ ಕೇಡು ಮಾಡಬೇಕಿದ್ದರೆ ಅಂಕ ಇಳಿಸಿ ಕೊಡುತ್ತಿದ್ದೆ ಎಂದು ನೀನು ನಂಬಿದ್ದೆ. ಅಷ್ಟೇ ನಿನ್ನ ಬುದ್ಧಿ.

ತೂಲಿಯಾ


ಹೆಲ್ಸಿಂಕಿ
ಜೂನ್ 28

ತೂಲಿಯಾ,

ನೀನು ಹೇಳಿದ ಹಾಗೆಯೇ ಆಯಿತು. ನಡುಬೇಸಿಗೆಯ ಯುಹಾನುಸ್ ಹಬ್ಬಕ್ಕೆ ಊರವರೆಲ್ಲ ಸರೋವರದ ಮನೆಗಳಿಗೆ ಹೋಗಿದ್ದರು, ನಾನು ಕಿಟಕಿಯ ಪರದೆ ಎಳೆದ ಕೋಣೆಯಲ್ಲಿ ಕೂತು ಸೋಲುತ್ತಿದ್ದೆ. ನನ್ನ ಹಿಂದೆ ತಂಡದವರು ಕಾಫಿ ಲೋಟ ಹಿಡಿದು ನಿಂತಿದ್ದರು. ಮೊದಲ ದಿನ ಸಮಾಧಾನ ಹೇಳಿದರು, ಆಮೇಲೆ ಒಬ್ಬೊಬ್ಬರೇ ಹೊರಗೆ ಹೋದರು. ಪರದೆಯ ಮೇಲಿನ ಪ್ರತಿಯೊಬ್ಬನೂ ನನಗಿಂತ ಒಂದು ಉಸಿರು ಮುಂದಿದ್ದ. ಕೊನೆಗೆ ಆಂಟನ್ ನನ್ನ ಹೆಡ್‌ಫೋನ್ ತೆಗೆಸಿ, “ಮಾರ್ಚ್‌ನಲ್ಲಿ ಆಡಿದ್ದು ಯಾರು? ನಿಜ ಹೇಳಯ್ಯಾ” ಅಂದ. ಹೇಳಿದೆ.

ಅವನು ಅಲ್ಲೇ ನಿನ್ನ ಹೆಸರು ಹುಡುಕಿದ. ಹುಡುಕಿ, “ಇವಳಾ? ಈ ಅಂಕದವಳಾ? ತಮಾಷೆ ಮಾಡ್ತಿದ್ದೀಯೇನೋ?” ಎಂದು ನಕ್ಕ. ನಾನು ನಿನ್ನ ಅಪ್ಪನ ವಿಷಯ ಹೇಳಿದೆ. ಅವರು ಕಾಗದದಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಅದಕ್ಕೆ ಅವನು, “ಕತೆ ಚೆನ್ನಾಗಿದೆ. ಆದ್ರೆ ಸಂಬಳ ಕೊಡೋರಿಗೆ ನಾನು ತೋರಿಸ್ಬೇಕಾಗಿರೋದು ಅಂಕ, ಕತೆ ಅಲ್ಲ. ಆಗಸ್ಟ್ ಒಳಗೆ ಅವಳ ಸ್ವಂತ ಹೆಸರಲ್ಲಿ ಮೊದಲ ಪುಟಕ್ಕೆ ಬರ್ಲಿ. ಕುರ್ಚಿ ಇಟ್ಟಿರ್ತೀನಿ. ನಿಯಮ ಮುರಿದದ್ದು ನಮ್ಮೊಳಗೇ ಇರ್ಲಿ” ಅಂದ.

ಇದು ನಿಜವಾದ ಮಾತು, ತೂಲಿಯಾ. ಕುರ್ಚಿ ನಿನ್ನದು. ಒಬ್ಬಳೇ ಆಡಿದರೆ ನೀನು ಏರುತ್ತೀಯ, ಈಗ ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಜುಲೈ ರಜೆ ಇದೆಯಲ್ಲ. ಒಂದು ತಿಂಗಳು ನಿನ್ನ ಅಪ್ಪನನ್ನು ಪಕ್ಕಕ್ಕಿಡು. ಒಂದೇ ತಿಂಗಳು. ಅವರಿಗೆ ಅರ್ಥವಾಗುತ್ತದೆ.

ಮಾರ್ಚ್‌ನಲ್ಲೇ ಅವರ ಕಾಗದಕ್ಕೆ ಉತ್ತರ ಬರೆಯಬೇಕಿತ್ತು. ಏನು ಬರೆಯಬೇಕೆಂದು ತಿಳಿಯಲಿಲ್ಲ.

ಸೆವೆರಿ


ಕುವೊಪಿಯೊ
ಜುಲೈ 21

ಸೆವೆರಿ,

ನಿನ್ನ ಕಾಗದ ಓದಿ ಸಿಟ್ಟು ಬರಲಿಲ್ಲ, ಆಸೆ ಬಂತು. ಕಲಾಕುಕ್ಕೊ ಜೊತೆ ಅಪ್ಪ ನಿನಗೆ ಕಾಗದವನ್ನೂ ಬರೆದಿದ್ದ ಎನ್ನುವುದು ನನಗೆ ಗೊತ್ತಿರಲಿಲ್ಲ. ಅದನ್ನು ಓದಿಯೂ ಮೇ ತಿಂಗಳಲ್ಲಿ ನೀನು ಆ ಉತ್ತರ ಬರೆದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ.

ಅಪ್ಪನಿಗೆ ಎಲ್ಲ ಹೇಳಿದೆ. ಕೆಳಗೆ ಜಾರುವ ಆ ಸಂಖ್ಯೆ ಏನು ಎನ್ನುವುದನ್ನೂ ಹೇಳಬೇಕಾಯಿತು. ಅವನು, “ಹೋಗೇ ಹುಚ್ಚಿ, ಇದನ್ನ ಮೊದ್ಲೇ ಹೇಳ್ಬಾರ್ದಾ? ಗೋಡೆಗೆ ಡಿಕ್ಕಿ ಹೊಡೆಯೋಕೆ ನಂಗೆ ಜೊತೆ ಯಾಕೆ ಬೇಕು? ನೀನು ಆಡು” ಅಂದ. ಹೆಡ್‌ಫೋನನ್ನು ಗೋಡೆಯ ಕೊಂಡಿಗೆ ನೇತುಹಾಕಿ, ಕಿಟಕಿಯ ಹತ್ತಿರ ಪದಬಂಧ ಹಿಡಿದು ಕೂತ.

ಆಡಿದೆ. ಮೊದಮೊದಲು ಅಂಕ ಅಲುಗಾಡಲೇ ಇಲ್ಲ, ನಾನು ಕೆಟ್ಟವಳೆಂದು ಯಂತ್ರಕ್ಕೆ ಅಷ್ಟು ನಂಬಿಕೆ. ಆಮೇಲೆ ಏರಿತು. ಸುಳ್ಳು ಹೇಳುವುದಿಲ್ಲ, ಕುಣಿಯುವಷ್ಟು ಖುಷಿಯಾಯಿತು. ಬೆಳಗ್ಗೆ ಕಾಫಿಗೆ ಮೊದಲು ಅಂಕ ನೋಡುತ್ತಿದ್ದೆ. ಮಾರುಕಟ್ಟೆಯಲ್ಲಿ ಬಟಾಣಿ ಕೊಳ್ಳುವಾಗ ಫೋನ್ ತೆಗೆದು ನೋಡುತ್ತಿದ್ದೆ. ನಿನ್ನ ಆಂಟನ್ ದಿನಕ್ಕೊಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದ. ನನ್ನ ಆಟವನ್ನು ಮೂರು ತಿಂಗಳು ಕಣ್ಣಾರೆ ನೋಡಿ ಮೆಚ್ಚಿದವನು, ಅಂಕ ಕಂಡ ಮೇಲೆ ನಕ್ಕವನು, ಈಗ ಅಂಕ ಏರಿದ್ದಕ್ಕೆ ಮತ್ತೆ ಮೆಚ್ಚುತ್ತಿದ್ದ. ಅವನ ಕಣ್ಣು ಯಾವ ಕೆಲಸಕ್ಕಿದೆಯೋ ಕಾಣೆ. ಆದರೂ ಆ ಹೆಬ್ಬೆರಳಿಗೆ ನಾನು ಕಾಯುತ್ತಿದ್ದೆ.

ಹೋದ ವಾರ ಮೊದಲ ಪುಟಕ್ಕೆ ಒಂದೇ ಗೆಲುವು ಬಾಕಿ ಇತ್ತು. ಯಂತ್ರ ನನ್ನ ತಂಡಕ್ಕೆ ಒಬ್ಬ ಅಪರಿಚಿತನನ್ನು ಹಾಕಿತು. ಹೇಗೆ ಆ ಎತ್ತರಕ್ಕೆ ಬಂದನೋ, ಅವತ್ತು ಅವನಿಗೆ ಏನಾಗಿತ್ತೋ. ಬಾಗಿಲು ಎದುರಿಗಿದ್ದರೂ ಗೋಡೆ ಸವರುತ್ತ ಹೋಗುತ್ತಿದ್ದ. ನಾನು ಕಾಯಲಿಲ್ಲ. ಬಿಟ್ಟು ಓಡಿದೆ. ಮೂವರಾಗಿ ಸೋತೆವು. ಆಗ ನಾನು ಮೈಕು ಬಾಯಿಗೆ ಹತ್ತಿರ ಎಳೆದುಕೊಂಡು ಕೂಗಿದೆ: “ಕಣ್ಣಿಲ್ವಾ ನಿಂಗೆ? ನಿನ್ನಂಥೋರೆಲ್ಲ ಯಾಕೆ ಬರ್ತೀರಿ ಇಲ್ಲಿಗೆ? ಕೈಲಾಗದಿದ್ರೆ ಮನೇಲಿ ಬಿದ್ಕೊಂಡಿರೋಕೆ ಏನು ಕಷ್ಟ?” ಆ ಮನುಷ್ಯ ಆಟದಿಂದ ಹೊರಗೆ ಹೋದ.

ತಿರುಗಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದ, ನನಗೆ ಕಾಫಿ ತಂದಿದ್ದ. ಲೋಟವನ್ನು ಮೇಜಿನ ಮೇಲಿಟ್ಟು, “ಆರೋಗುತ್ತೆ, ಕುಡಿ” ಎಂದು ಹೇಳಿ ಹೋದ. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮರುದಿನ ಎರಡೇ ಆಟ ಆಡಿ ಮೊದಲ ಪುಟಕ್ಕೆ ಬಂದೆ, ಬರಬಲ್ಲೆ ಎಂದು ತೋರಿಸಲು. ಆಮೇಲೆ ಆಂಟನ್‌ಗೆ ಬರುವುದಿಲ್ಲ ಎಂದು ಬರೆದೆ. ಅಪ್ಪನಿಗಾಗಿ ತ್ಯಾಗ ಮಾಡಿದಳು ಎಂದು ಕಣ್ಣೀರು ಸುರಿಸಲು ಹೋಗಬೇಡ. ನಾನು ಹೋದರೆ ಅಪ್ಪನಿಗೆ ಸಂತೋಷವೇ. ಕುರ್ಚಿಯೂ ನನಗೆ ಬೇಕಾಗಿಯೇ ಇತ್ತು, ಈಗಲೂ ಬೇಕು. ಆದರೆ ಒಂದೆರಡು ವಾರದಲ್ಲೇ ನಿನ್ನ ಬಾಯಿ ನನಗೆ ಬಂದುಬಿಟ್ಟಿತು. ವರ್ಷವಿಡೀ ಆ ಮನೆಯಲ್ಲಿ ಕೂತರೆ ಉಳಿದದ್ದೂ ಬರುತ್ತದೆ. ಜಗತ್ತಿಗೆ ಒಬ್ಬ ಸೆವೆರಿಯೇ ಹೆಚ್ಚಾಗಿದ್ದಾನೆ.

ದಿನವೂ ಸಂಜೆ ಅಪ್ಪನನ್ನು ಆಟಕ್ಕೆ ಕರೆಯುತ್ತೇನೆ. “ನಾಳೆ ನೋಡೋಣ ಮಗಳೇ, ನಿನ್ನ ಅಂಕ ಹಾಳಾಗುತ್ತೆ” ಅನ್ನುತ್ತಾನೆ. ಪಟ್ಟಿಯ ಮೊದಲ ಪುಟದಲ್ಲಿ ನನ್ನ ಹೆಸರಿದೆ, ಬೇಕಾದರೆ ತೆರೆದು ನೋಡು. ಅದನ್ನು ಅಲ್ಲಿಂದ ಇಳಿಸಲು ನನಗೆ ಅಪ್ಪ ಬೇಕು. ಅವನು ಬರುತ್ತಿಲ್ಲ.

ತೂಲಿಯಾ